ಐದು ಸಾಲಿನ ಅಭಿಪ್ರಾಯ

ಜೂನ್ ೧೨

ಚುಕ್ಕಿ,

ನಿನ್ನೆ ನೀನು ಬಸ್ಸು ಹತ್ತಿದ ಮೇಲೆ ನಾನು ಮನೆಗೆ ಹೋಗಲಿಲ್ಲ, ನೆಟ್ಟಗೆ ಸ್ಕ್ಯಾನಿಂಗ್ ಸೆಂಟರಿಗೆ ವಾಪಸು ಬಂದೆ. ಡಾಕ್ಟರಮ್ಮ ರಿಪೋರ್ಟುಗಳನ್ನೆಲ್ಲ ಹೇಳಿಟ್ಟ ರೆಕಾರ್ಡರ್ ನನ್ನ ಮೇಜಿನ ಮೇಲಿತ್ತು. ದಿನದ ಹದಿನೇಳು ಸ್ಕ್ಯಾನಿಂಗಿನಲ್ಲಿ ನಿನ್ನದು ಒಂಬತ್ತನೆಯದು. ಎಂಟು ಜನರನ್ನು ದಾಟಿ ನಿನ್ನದನ್ನೇ ಮೊದಲು ಕಿವಿಗೆ ಹಾಕಿಕೊಂಡು ಕೂತೆ. ಇಪ್ಪತ್ತೆರಡು ವರ್ಷದ ಟೈಪಿಂಗ್ ಕೆಲಸದಲ್ಲಿ ಸರದಿ ಮುರಿದದ್ದು ಇದೇ ಮೊದಲು. ಆ ಎಂಟು ಜನ ನನ್ನನ್ನು ಬೈದುಕೊಳ್ಳಲಿ, ಅಜ್ಜನಾಗುವವನಿಗೆ ಅಷ್ಟೂ ಸಲುಗೆ ಬೇಡವೇ?

ರಿಪೋರ್ಟ್ ಇದರ ಜೊತೆ ಇಟ್ಟಿದ್ದೇನೆ. ಡಾಕ್ಟರಮ್ಮ ಇವತ್ತು ಬೆಳಿಗ್ಗೆ ಸಹಿ ಮಾಡಿದರು. ಮೊದಲ ಪುಟದಲ್ಲಿ ಬರೀ ಅಳತೆಗಳು: ತಲೆಯ ಸುತ್ತಳತೆ, ಹೊಟ್ಟೆಯ ಸುತ್ತಳತೆ, ತೊಡೆಮೂಳೆಯ ಉದ್ದ. ಅದು ನಿನಗೆ ಬೇಡ. ಎರಡನೆಯ ಪುಟದ ಕೊನೆಯಲ್ಲಿ ಅಭಿಪ್ರಾಯವಿದೆ, ಅದನ್ನು ಓದು. ಐದು ಸಾಲು. ಐದೂ ಒಳ್ಳೆಯವು. ಮಗು ಇಪ್ಪತ್ತು ವಾರಕ್ಕೆ ತಕ್ಕಂತೆ ಬೆಳೆದಿದೆ. ಇನ್ನು ನೀನು ನೆಮ್ಮದಿಯಾಗಿ ನಿದ್ದೆ ಮಾಡು.

ಫೋನ್ ಮಾಡಿ ಹೇಳಬಾರದಿತ್ತೇ ಎನ್ನುತ್ತೀಯ. ಫೋನ್ ಹಿಡಿದರೆ ನನಗೆ ‘ಊಟ ಆಯ್ತಾ’ ಬಿಟ್ಟು ಬೇರೆ ಮಾತು ಹೊರಡುವುದಿಲ್ಲ, ನಿನಗೇ ಗೊತ್ತು. ನಿನ್ನಮ್ಮ ಇದ್ದಾಗ ಮನೆಯ ಮಾತೆಲ್ಲ ಅವಳ ಸುಪರ್ದಿಯಲ್ಲಿತ್ತು. ಅವಳು ಹೋದ ಮೇಲೆ ನೀನು ಶಾಲೆ ಬಿಟ್ಟ ಕೂಡಲೇ ನನ್ನ ಟೈಪಿಂಗ್ ಕೋಣೆಗೆ ಬಂದು ಮೇಜಿನ ಕೆಳಗೆ ಕೂರುತ್ತಿದ್ದೆ. ಚಮಚವನ್ನು ರೆಕಾರ್ಡರಿನಂತೆ ಬಾಯಿಗೆ ಹಿಡಿದು ಥೇಟ್ ಡಾಕ್ಟರಮ್ಮನ ಧ್ವನಿಯಲ್ಲಿ, “ಮಗುವಿನ ತಲೆ ಚೆನ್ನಾಗಿದೆ, ಚುಕ್ಕಿ, ಮುಂದಿನ ಸಾಲು” ಎನ್ನುತ್ತಿದ್ದೆ. ವಾಕ್ಯ ಮುಗಿದಾಗಲೆಲ್ಲ ಚುಕ್ಕಿ, ಚುಕ್ಕಿ. ಕೊನೆಗೆ ಅದೇ ನಿನ್ನ ಹೆಸರಾಯಿತು. ಅವರು ನಡುವೆ ನರ್ಸಿಗೆ ಏನಾದರೂ ಹೇಳುವಾಗ ‘ಇದು ಟೈಪ್ ಮಾಡೋದು ಬೇಡ’ ಎನ್ನುತ್ತಾರಲ್ಲ, ಅದನ್ನೂ ಕಲಿತಿದ್ದೆ. “ಇದು ಟೈಪ್ ಮಾಡೋದು ಬೇಡ, ಅಪ್ಪಾ, ನಂಗೆ ಹಸಿವಾಗ್ತಿದೆ.” ನಾನು ಎಷ್ಟು ಗಡಿಬಿಡಿಯಲ್ಲಿದ್ದರೂ ಎದ್ದು ಬಿಡುತ್ತಿದ್ದೆ.

ಇನ್ನೊಂದು ಮಾತು. ಸೆಂಟರಿಗೆ ಈ ತಿಂಗಳ ಕೊನೆಗೆ ಹೊಸ ಮಿಷನ್ ಬರುತ್ತಿದೆ. ಮಗುವಿನ ಮುಖ ಫೋಟೋ ಹಿಡಿದಷ್ಟು ಚೆಂದ ಕಾಣುತ್ತದಂತೆ. ಎರಡು ವಾರ ಬಿಟ್ಟು ಮತ್ತೊಮ್ಮೆ ಬಂದು ಹೋಗು. ಬರೀ ಮುಖ ನೋಡಲಿಕ್ಕೆ.

ನಿನ್ನ ಹಸಿವಿಗೆ ಈಗಲೂ ಎದ್ದು ಬರುವ,
ಅಪ್ಪ

•

ಜೂನ್ ೨೦

ಅಪ್ಪಾ,

ರಿಪೋರ್ಟ್ ಕೈಗೆ ಬಂತು. ಆ ಐದು ಸಾಲನ್ನು ನಾನು ಎಷ್ಟು ಸಲ ಓದಿದೆನೆಂದರೆ ಈಗ ಬಾಯಿಪಾಠ. ನಿನ್ನಳಿಯನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಇವರು ಡಿಪೋದಿಂದ ಆಗತಾನೆ ಬಂದಿದ್ದರು, ಕೈಯೆಲ್ಲ ಗ್ರೀಸು. “ಕೈ ತೊಳ್ಕೊಂಡು ಬರ್ತೀನಿ ಇರು, ಆಮೇಲೆ ಇನ್ನೊಂದ್ಸಲ ಓದು” ಎಂದರು. ಅದನ್ನು ಬೀರುವಿನ ಬಾಗಿಲಿಗೆ ಒಳಗಡೆಯಿಂದ ಅಂಟಿಸಿದ್ದೇನೆ. ಸೀರೆ ತೆಗೆಯುವಾಗಲೆಲ್ಲ ಕಣ್ಣಿಗೆ ಬೀಳುತ್ತದೆ.

ಹೋದ ಸಲದ ಬಸಿರಿನದು ನಿನಗೆ ನೆನಪಿರಬೇಕು. ಇಲ್ಲಿಯ ಸ್ಕ್ಯಾನಿಂಗಿನವರು ‘ಮಿದುಳಿನಲ್ಲಿ ಸಣ್ಣ ಗುಳ್ಳೆಯ ಅನುಮಾನ’ ಎಂದು ಒಂದೇ ಒಂದು ಸಾಲು ಬರೆದಿದ್ದರು. ಇಪ್ಪತ್ತೊಂದು ದಿನ ನಾನು ಅನ್ನ ಬಾಯಿಗಿಟ್ಟರೆ ಒಳಗೆ ಇಳಿಯುತ್ತಿರಲಿಲ್ಲ. ಮತ್ತೆ ನೋಡಿದಾಗ ಗುಳ್ಳೆಯೂ ಇಲ್ಲ, ಏನೂ ಇಲ್ಲ ಎಂದರು. ಆದರೆ ಆ ವಾರವೇ ಮಗು ಹೋಯಿತು. ಚಿಂತೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು, ನೀನು ಮಾತ್ರ ನಂಬಲಿಲ್ಲ. “ಆ ಅನುಮಾನ ಅನ್ನೋ ಪದಾನೇ ನನ್ ಮಗಳ ಹೊಟ್ಟೆ ಬರಿದು ಮಾಡ್ತು” ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ. ನೀನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಈ ಸಲವೂ ಸ್ವಲ್ಪ ಹೆದರಿದೆ. ಡಾಕ್ಟರಮ್ಮ ನನ್ನ ಹೊಟ್ಟೆಯ ಮೇಲೆ ಮಿಷನ್ ಆಡಿಸುತ್ತಾ “ಇದು ಮೂಗು, ಇದು ಪಾದ, ನೋಡು ಹೇಗೆ ಒದೀತಿದೆ” ಎಂದು ಹರಟುತ್ತಿದ್ದರು. ನಡುವೆ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರು. ಬಹಳ ಹೊತ್ತು ಒಂದೇ ಕಡೆ ಒತ್ತಿ ನೋಡಿದರು. ಆಮೇಲೆ ಹೊಟ್ಟೆ ಒರೆಸಿ, “ಏಳಮ್ಮಾ, ಎಲ್ಲಾ ನಿಮ್ಮಪ್ಪ ಹೇಳ್ತಾರೆ” ಎಂದರು. ನಿನ್ನ ಕಾಗದ ಬರುವವರೆಗೂ ಆ ಮೌನವೇ ಕಿವಿಯಲ್ಲಿತ್ತು. ಈಗ ಹೋಯಿತು.

ಬರಲು ಆಗುವುದಿಲ್ಲಪ್ಪಾ. ಆರು ಗಂಟೆಗಳ ಬಸ್ ಪ್ರಯಾಣ ಇನ್ನು ಬೇಡವೇ ಬೇಡ ಎಂದು ಇಲ್ಲಿಯ ಡಾಕ್ಟರು ಹೇಳಿದ್ದಾರೆ. ಮುಖ ಅಕ್ಟೋಬರಿನಲ್ಲಿ ನೋಡಿದರಾಯಿತು. ಅಷ್ಟೇನು ಅವಸರ ಅಜ್ಜನಿಗೆ?

ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡುತ್ತಿರುವ,
ಚುಕ್ಕಿ

•

ಜೂನ್ ೨೮

ಚುಕ್ಕಿ,

ಅವರು ಮಾತು ನಿಲ್ಲಿಸಿದ್ದು ಅಳತೆ ತೆಗೆಯಲಿಕ್ಕೆ. ಅಳತೆ ತೆಗೆಯುವಾಗ ಯಾರು ಮಾತನಾಡುತ್ತಾರೆ? ದರ್ಜಿಯೂ ಮಾತನಾಡುವುದಿಲ್ಲ.

ಬಸ್ಸು ಬೇಡವಾದರೆ ಕಾರು ಮಾಡಿಸಿ ಕಳಿಸುತ್ತೇನೆ. ಅದೂ ಬೇಡವೆಂದರೆ ನಿಮ್ಮ ಊರಲ್ಲೇ, ಆ ದೊಡ್ಡ ರಸ್ತೆಯ ಔಷಧಿ ಅಂಗಡಿಯ ಮೇಲೆ ಹೊಸದಾಗಿ ಒಂದು ಸ್ಕ್ಯಾನಿಂಗ್ ಸೆಂಟರ್ ಆಗಿದೆಯಂತಲ್ಲ, ಅಲ್ಲಿ ಒಮ್ಮೆ ಮಾಡಿಸು. ಈಗ ಎಲ್ಲರೂ ಎರಡೆರಡು ಮಾಡಿಸುತ್ತಾರೆ. ಮಗುವಿನ ಹೃದಯವನ್ನು ಸ್ವಲ್ಪ ಚೆನ್ನಾಗಿ ನೋಡಿ ಎಂದು ಹೇಳು. ನಾನು ಹೇಳಿದೆ ಎಂದು ಹೇಳಬೇಡ, ನೀನೇ ಕೇಳಿದ ಹಾಗೆ ಕೇಳು. ಅವರಿಗೆ ಹೃದಯ ನೋಡುವುದೆಂದರೆ ಇಷ್ಟ.

ಎಡಗಡೆ ಮಲಗು. ಕಬ್ಬಿಣದ ಮಾತ್ರೆ ಬಿಡಬೇಡ.

ಅಪ್ಪ

•

ಜುಲೈ ೧೦

ಅಪ್ಪಾ,

ಆ ಔಷಧಿ ಅಂಗಡಿಯ ಮೇಲಿನವರ ಹತ್ತಿರ ಹೋಗಿದ್ದೆ. ನಿನ್ನ ರಿಪೋರ್ಟ್ ನೋಡಿದರು. “ಇಷ್ಟು ಚೆನ್ನಾಗಿರೋ ರಿಪೋರ್ಟ್ ಇಟ್ಕೊಂಡು ಮತ್ಯಾಕ್ರೀ ಬಂದ್ರಿ? ಇನ್ನೆರಡು ತಿಂಗಳು ಬಿಟ್ಟು ತೂಕ ನೋಡೋಣ ಹೋಗಿ” ಎಂದು ನಕ್ಕರು. ಹೃದಯ ಎಂದು ಬಾಯಿ ತೆಗೆದೆ. ಇದರಲ್ಲಿ ಏನೂ ಬರೆದಿಲ್ಲವಲ್ಲ ಎಂದರು. ನನಗೇ ನಾಚಿಕೆಯಾಯಿತು, ಎದ್ದು ಬಂದೆ.

ಇವರು ಹೇಳುವುದು, ನಿನಗೆ ಒಬ್ಬನೇ ಇದ್ದು ಇದ್ದು ತಲೆಯಲ್ಲಿ ಹುಳ ಬಿಟ್ಟುಕೊಳ್ಳುವ ಚಾಳಿ ಬಂದಿದೆಯಂತೆ. ಇರಬಹುದು. ಆದರೂ ಒಂದು ಮಾತು ನೇರ ಕೇಳುತ್ತೇನೆ, ನೇರ ಉತ್ತರ ಕೊಡು. ರಿಪೋರ್ಟಿನಲ್ಲಿ ಇಲ್ಲದ್ದು ಏನಾದರೂ ಇದೆಯೇ? ಇದ್ದರೆ ಇದೆ ಎನ್ನು. ನಾನು ಹೋದ ಸಲದ ಹುಡುಗಿಯಲ್ಲ, ತಡೆದುಕೊಳ್ಳುತ್ತೇನೆ.

ಚುಕ್ಕಿ

•

ಜುಲೈ ೧೪

ಚುಕ್ಕಿ,

ಏನೂ ಇಲ್ಲ. ಇದ್ದರೆ ನಾನು ಹೇಳುವುದಿಲ್ಲವೇ? ಮುದುಕನ ತಲೆಹುಳ ಎಂದುಕೊಂಡು ಬಿಟ್ಟುಬಿಡು.

ನೆಮ್ಮದಿಯಾಗಿ ನಿದ್ದೆ ಮಾಡು.

ಅಪ್ಪ

•

ನವೆಂಬರ್ ೨

ಅಪ್ಪಾ,

ನೀನು ಬಂದಿದ್ದಾಗ ನನಗೆ ಮಾತನಾಡಲು ಆಗಲಿಲ್ಲ. ನೀನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಎರಡು ದಿನ ಚಪ್ಪಲಿ ಕಳಚದೆ ಕೂತಿದ್ದು ಎದ್ದು ಹೋದೆ. ಏನಾಯಿತು ಎಂದು ನಿನಗೆ ಯಾರು ಎಷ್ಟು ಹೇಳಿದರೋ ಗೊತ್ತಿಲ್ಲ. ನಾನು ಬರೆಯುತ್ತೇನೆ, ಬರೆಯದಿದ್ದರೆ ಹುಚ್ಚು ಹಿಡಿಯುತ್ತದೆ.

ಹುಟ್ಟಿದಾಗ ಅವಳು ಚೆನ್ನಾಗಿದ್ದಳು. ಮೂರು ಕಿಲೋಗೆ ಸ್ವಲ್ಪ ಕಮ್ಮಿ. ಗಟ್ಟಿಯಾಗಿ ಅತ್ತಳು. ಮೊದಲ ದಿನ ಹಾಲು ಕುಡಿದಳು. ಎರಡನೆಯ ದಿನ ಮಧ್ಯಾಹ್ನ ಹಾಲು ಕುಡಿಯುತ್ತಾ ಬೆವೆತಳು. ನರ್ಸಿಗೆ ಹೇಳಿದರೆ “ಸೆಕೆ ಅಲ್ವಾ” ಎಂದಳು. ಸಂಜೆಯ ಹೊತ್ತಿಗೆ ಪಾದ ತಣ್ಣಗಾಯಿತು. ಮೂರನೆಯ ದಿನ ಬೆಳಿಗ್ಗೆ ತುಟಿ ನೇರಳೆಯಾಗಿತ್ತು. ನಮ್ಮ ಹೆರಿಗೆ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು ವಾರಕ್ಕೆರಡು ಸಲ ಬರುತ್ತಾರೆ, ಅವತ್ತು ಅವರ ದಿನವಲ್ಲ. ಆಂಬುಲೆನ್ಸಿನಲ್ಲಿ ನಾಲ್ಕು ಗಂಟೆ. ಇವರು ದಾರಿಯುದ್ದಕ್ಕೂ ಅವಳ ಎರಡೂ ಪಾದ ಅಂಗೈಯಲ್ಲಿ ಹಿಡಿದು ಉಜ್ಜುತ್ತಿದ್ದರು. ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರಿಗೆ ಇಳಿಸುವಾಗ ಉಜ್ಜುವುದನ್ನು ನಿಲ್ಲಿಸಿದರು. ನನಗೆ ಗೊತ್ತಾಯಿತು.

ಅಲ್ಲಿಯ ಮಕ್ಕಳ ಹೃದಯದ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದರು. ಹೃದಯದಿಂದ ಮೈಗೆ ರಕ್ತ ಒಯ್ಯುವ ದೊಡ್ಡ ನಾಳ ಅವಳಿಗೆ ಒಂದು ಕಡೆ ದಾರದಷ್ಟು ಸಣ್ಣಗಿತ್ತಂತೆ. ಹೊಟ್ಟೆಯಲ್ಲಿದ್ದಾಗ ಪಕ್ಕದಲ್ಲಿ ಇನ್ನೊಂದು ಸಣ್ಣ ನಾಳ ತೆರೆದಿರುತ್ತದಂತೆ, ಹಾಗಾಗಿ ಬಾಧೆಯಿಲ್ಲ. ಹುಟ್ಟಿದ ಎರಡು ಮೂರು ದಿನಕ್ಕೆ ಅದು ತಾನಾಗಿ ಮುಚ್ಚಿಕೊಳ್ಳುತ್ತದಂತೆ. ಮುಚ್ಚದ ಹಾಗೆ ಇಡಲು ಔಷಧಿ ಇದೆ. “ಮೊದಲೇ ಗೊತ್ತಿದ್ದಿದ್ರೆ ಹೆರಿಗೆ ಇಲ್ಲೇ ಮಾಡಿಸ್ತಿದ್ವಿ. ಹುಟ್ಟಿದ ಗಂಟೆಯಿಂದ್ಲೇ ಔಷಧಿ ಶುರು ಮಾಡಿ, ವಾರದೊಳಗೆ ಆಪರೇಷನ್ ಮಾಡ್ತೀವಮ್ಮ. ಹತ್ತಕ್ಕೆ ಒಂಬತ್ತು ಮಕ್ಕಳು ಮನೆಗೆ ಹೋಗ್ತವೆ” ಎಂದರು. ಆಮೇಲೆ, ಸ್ಕ್ಯಾನಿಂಗ್ ಮಾಡಿಸಿರಲಿಲ್ಲವೇ ಎಂದು ಕೇಳಿದರು. ನಾನು ಜಂಬದಿಂದ ಚೀಲದಿಂದ ತೆಗೆದುಕೊಟ್ಟೆ. ಬೀರುವಿನ ಬಾಗಿಲಿನಿಂದ ಕಿತ್ತು ತಂದಿದ್ದೆ, ಮೂಲೆಯಲ್ಲಿ ಅಂಟು ಹಾಗೇ ಇತ್ತು. ಎರಡು ಸಲ ಓದಿದರು. ಮಡಚಿ ವಾಪಸು ಕೊಟ್ಟರು.

ಹತ್ತಕ್ಕೆ ಒಂಬತ್ತು, ಅಪ್ಪಾ.

ಚುಕ್ಕಿ

•

ನವೆಂಬರ್ ೯

ಮಗಳೇ,

ನಿನ್ನ ಕಾಗದ ಓದಿದೆ. ಎಷ್ಟು ದೊಡ್ಡ ಮಿಷನ್ ಇದ್ದರೂ ಎಲ್ಲವೂ ಕಾಣುವುದಿಲ್ಲ. ಇಪ್ಪತ್ತು ವಾರದಲ್ಲಿ ಹೃದಯ ಹೆಬ್ಬೆಟ್ಟಿನ ಉಗುರಿಗಿಂತ ಸ್ವಲ್ಪ ದೊಡ್ಡದಿರುತ್ತದೆ, ಅಷ್ಟೇ.

ನೀನು ಡಾಕ್ಟರಮ್ಮನ ಮೇಲೆ ದೂರು ಕೊಡುತ್ತೀಯೆಂದು ಅಳಿಯಂದಿರು ಫೋನ್ ಮಾಡಿ ಹೇಳಿದರು. ಬೇಡ ಚುಕ್ಕಿ. ಅದರಿಂದ ಮಗು ಬರುವುದಿಲ್ಲ. ಅವರು ಕೆಟ್ಟವರಲ್ಲ. ಚಿಕ್ಕಂದಿನಲ್ಲಿ ನಿನಗೆ ಜ್ವರ ಬಂದಾಗ ತಮ್ಮ ಕೋಣೆಯ ಸ್ಕ್ಯಾನಿಂಗ್ ಮಂಚದ ಮೇಲೆ ಮಲಗಿಸಿ ಆ ಮಂಚವಿಲ್ಲದೆ ಮಧ್ಯಾಹ್ನವೆಲ್ಲ ಕೆಲಸ ನಿಲ್ಲಿಸಿದವರು. ಸ್ವಲ್ಪ ದಿನ ಹೋಗಲಿ, ಮನಸ್ಸು ತಿಳಿಯಾಗಲಿ. ಆಮೇಲೆ ಯೋಚಿಸೋಣ.

ಅಪ್ಪ

•

ನವೆಂಬರ್ ೨೦

ಅಪ್ಪ,

ನಿಮ್ಮ ಕಾಗದ ಬಂದ ದಿನವೇ ದೂರು ಕಳಿಸಿದೆ. ವೈದ್ಯಮಂಡಳಿಯಿಂದ ಸ್ವೀಕರಿಸಿದ್ದೇವೆ ಎಂದು ಉತ್ತರವೂ ಬಂತು.

ಮನಸ್ಸು ತಿಳಿಯಾಗಬೇಕಂತೆ. ನಿಮ್ಮ ಮೊಮ್ಮಗಳು ಸತ್ತದ್ದು, ಕೊಳಕು ನೀರು ಕೊಡದಲ್ಲಿ ನಿಂತ ಹಾಗೆ, ನಾಲ್ಕು ದಿನ ಅಲ್ಲಾಡಿಸದಿದ್ದರೆ ತಳ ಕಾಣುತ್ತದೆ ಎಂದುಕೊಂಡಿರಾ? ನಾನು ಆ ಹೆಂಗಸಿನ ಮೇಜಿನ ಮೇಲೆ ಮಲಗಿದ್ದೆ. ಅವರು ಮಾತು ನಿಲ್ಲಿಸಿದ್ದನ್ನು ನನ್ನ ಕಿವಿಯಾರೆ ಕೇಳಿದೆ. ಕಂಡಿತ್ತು ಅವರಿಗೆ. ಕಂಡೂ ಬರೆಯಲಿಲ್ಲ, ಇಲ್ಲವೇ ಊಟದ ಹೊತ್ತಾಯಿತೆಂದು ಮರೆತರು. ಎರಡರಲ್ಲಿ ಯಾವುದಾದರೂ ನನಗೆ ಒಂದೇ. ಇನ್ನೊಬ್ಬಳು ಆ ಮೇಜಿನ ಮೇಲೆ ಮಲಗುವ ಮುಂಚೆ ಅವರ ಕೈ ನಿಲ್ಲಬೇಕು.

ಹಳೆಯ ಉಪಕಾರ ನೆನಪಿಸಿದ್ದೀರಿ. ಇಪ್ಪತ್ತೆರಡು ವರ್ಷ ಅವರ ಮಾತು ಟೈಪ್ ಮಾಡಿ ಮಾಡಿ ನಿಮಗೆ ಸ್ವಂತ ನಾಲಿಗೆಯೇ ಇಲ್ಲದಂತಾಗಿದೆ. ಅವತ್ತು ರೆಕಾರ್ಡರಿನಲ್ಲಿ ಇದ್ದದ್ದನ್ನು ಕೇಳಿಸಿಕೊಂಡವರು ನೀವೊಬ್ಬರೇ. ಮಂಡಳಿಯ ಮುಂದೆ ಬಂದು ಹೇಳಿ. ಹೇಳುವವರೆಗೆ ನನಗೆ ಬರೆಯಬೇಡಿ.

ಮಗಳು

•

ಜನವರಿ ೧೮

ಟೈಪಿಸ್ಟರಿಗೆ,

ನೀವು ರಜೆ ಹಾಕಿ ಹತ್ತು ದಿನವಾಯಿತು, ಮನೆಯ ಬಾಗಿಲು ಬಡಿದರೂ ತೆಗೆಯಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ನನ್ನ ಕೈಬರಹ ಓದುವವರು ಜಗತ್ತಿನಲ್ಲಿ ನೀವೊಬ್ಬರೇ, ಕಷ್ಟಪಟ್ಟು ಓದಿ.

ಮಂಡಳಿಯವರು ಮೂಲ ಧ್ವನಿಮುದ್ರಣ ಕೇಳಿದರು. ಹುಡುಕಿ ತೆಗೆದೆ. ನನ್ನ ಧ್ವನಿ ಸ್ಪಷ್ಟವಾಗಿದೆ. ಅಭಿಪ್ರಾಯದಲ್ಲಿ ಆರು ಸಾಲು ಹೇಳಿದ್ದೇನೆ. ನಾಲ್ಕನೆಯದು: ಹೃದಯದ ಎಡಭಾಗ ಬಲಭಾಗಕ್ಕಿಂತ ಚಿಕ್ಕದಾಗಿ ಕಾಣುತ್ತಿದೆ, ಎರಡು ವಾರದೊಳಗೆ ಹೃದಯದ ವಿಶೇಷ ಸ್ಕ್ಯಾನಿಂಗ್ ಆಗಲೇಬೇಕು. ಫೈಲಿನಲ್ಲಿರುವ ಪ್ರತಿಯಲ್ಲಿ ಐದೇ ಸಾಲು.

ಎಲ್ಲರೂ ಕೈತಪ್ಪು ಎನ್ನುತ್ತಿದ್ದಾರೆ. ನಮ್ಮ ಕಂಪ್ಯೂಟರಿನಲ್ಲಿ ‘ಎಲ್ಲವೂ ಸರಿ’ ಎಂಬ ಫಾರ್ಮ್ಯಾಟ್ ಮೊದಲೇ ತುಂಬಿರುತ್ತದೆ, ದೋಷ ಇದ್ದಾಗ ಮಾತ್ರ ಆ ಸಾಲು ಅಳಿಸಿ ಹೊಸದು ಹೊಡೆಯಬೇಕು, ಅಳಿಸಲು ಮರೆತಿರಬಹುದು ಎಂದು ನಾನೇ ಅವರಿಗೆ ವಿವರಿಸಿದೆ. ಒಪ್ಪಿಕೊಂಡರು. ಆದರೆ ನಿಮ್ಮ ಹತ್ತಿರ ಸುಳ್ಳು ಹೇಳುವುದಿಲ್ಲ. ಮರೆತಿದ್ದರೆ ಫಾರ್ಮ್ಯಾಟಿನ ‘ಹೃದಯ ಸಹಜವಾಗಿದೆ’ ಎಂಬ ಸಾಲು ಅಲ್ಲಿರಬೇಕಿತ್ತು. ಅದೂ ಇಲ್ಲ. ನನ್ನ ಐದನೆಯದು ನಾಲ್ಕಾಗಿದೆ, ಆರನೆಯದು ಐದಾಗಿದೆ. ಕೈತಪ್ಪು ಸಂಖ್ಯೆಗಳನ್ನು ಸರಿಪಡಿಸುವುದಿಲ್ಲ.

ನಾನು ಸಾಚಾ ಎಂದು ಹೇಳಲು ಬರೆಯುತ್ತಿಲ್ಲ. ಬೇರೆ ಯಾರದ್ದೇ ಮಗಳಾಗಿದ್ದರೂ ಅವಳನ್ನು ಅಲ್ಲೇ ಕೂರಿಸಿ, ಕಂಡದ್ದನ್ನು ಬಾಯಿಬಿಟ್ಟು ಹೇಳುತ್ತಿದ್ದೆ. ನಿಮ್ಮ ಮಗಳೆಂದು ನಿಮಗೆ ಬಿಟ್ಟೆ. ತಂದೆ ನನಗಿಂತ ಮೆತ್ತಗೆ ಹೇಳುತ್ತಾರೆ ಎಂದುಕೊಂಡೆ. ಮರುದಿನ ಓದದೆ ಸಹಿ ಮಾಡಿದೆ, ನಿಮ್ಮ ಹಾಳೆಯನ್ನು ನಾನು ಯಾವತ್ತು ಓದಿದ್ದೇನೆ? ಎರಡು ವಾರದ ಮೇಲೆ, ಮಗಳ ಎರಡನೆಯ ಸ್ಕ್ಯಾನಿಂಗ್ ಆಯಿತೇ ಎಂದು ಕೇಳಿದೆ. “ಆಯ್ತು ಮೇಡಂ, ಅಲ್ಲೇ ಮಾಡಿಸಿದ್ರು, ಏನೂ ಇಲ್ವಂತೆ” ಎಂದಿರಿ. ನನ್ನ ಕಣ್ಣು ನೋಡಿ ಹೇಳಿದಿರಿ.

ಸಹಿ ನನ್ನದು, ತಪ್ಪು ನನ್ನದು ಎಂದು ಬರೆದುಕೊಡುತ್ತೇನೆ. ಒಂದೋ ಎರಡೋ ವರ್ಷ ನಾನು ರಿಪೋರ್ಟಿಗೆ ಸಹಿ ಮಾಡುವಂತಿಲ್ಲ ಎನ್ನುತ್ತಾರೆ, ಅಷ್ಟೇ. ನೀವು ಬಾಯಿ ಬಿಡಬೇಡಿ. ಆ ಹುಡುಗಿಗೆ ಮಗು ಹೋಗಿದೆ, ಅಪ್ಪನೂ ಹೋಗುವುದು ಬೇಡ.

ಡಾಕ್ಟರಮ್ಮ

•

ಜನವರಿ ೨೫

ಚುಕ್ಕಿ,

ಹೇಳುವವರೆಗೆ ಬರೆಯಬೇಡಿ ಎಂದಿದ್ದೆ. ಹೇಳಲೆಂದೇ ಬರೆಯುತ್ತಿದ್ದೇನೆ. ಡಾಕ್ಟರಮ್ಮನ ಕಾಗದ ಇದರ ಜೊತೆಗಿದೆ. ಮೊದಲು ಅದನ್ನು ಓದು.

ಅದರಲ್ಲಿರುವುದೆಲ್ಲ ನಿಜ. ಅವರಿಗೆ ಕಂಡಿತ್ತು, ಅವರು ಹೇಳಿದರು. ನಾನು ಕೇಳಿಸಿಕೊಂಡೆ, ಮೂರು ಸಲ ಹಿಂದಕ್ಕೆ ಹಾಕಿ ಕೇಳಿಸಿಕೊಂಡೆ. ಟೈಪೂ ಮಾಡಿದೆ. ಪರದೆಯ ಮೇಲೆ ಆರು ಸಾಲು ಇದ್ದವು. ನಾಲ್ಕನೆಯದನ್ನು ನೋಡುತ್ತಾ ಕೂತೆ. ನೀನು ಅದನ್ನು ಓದುವುದು ಕಣ್ಣ ಮುಂದೆ ಬಂತು, ಅನ್ನದ ತಟ್ಟೆ ಸರಿಸುವುದು ಬಂತು, ಆ ಇಪ್ಪತ್ತೊಂದು ದಿನ ಬಂತು. ನಾನು ತಿಂಗಳಿಗೆ ನಲವತ್ತು ‘ಅನುಮಾನ’ ಟೈಪ್ ಮಾಡುತ್ತೇನೆ. ಅದರಲ್ಲಿ ಮೂವತ್ತೈದು ಎರಡನೆಯ ಸಲ ನೋಡಿದಾಗ ಏನೂ ಇರುವುದಿಲ್ಲ. ಎರಡೇ ವಾರ ತಾನೇ, ಏನೋ ನೆವ ಹೇಳಿ ಕರೆಸಿಕೊಂಡು, ಅವಳಿಗೆ ಗೊತ್ತಾಗದಂತೆ ಇನ್ನೊಮ್ಮೆ ನೋಡಿಸಿಬಿಡೋಣ ಎಂದುಕೊಂಡೆ. ಸಾಲು ತೆಗೆದೆ. ತೆಗೆದ ಮೇಲೆ ಮೂರು, ಐದು, ಆರು ಎಂದು ನಿಂತಿತು. ಅಸಹ್ಯವಾಗಿ ಕಂಡಿತು. ಸಂಖ್ಯೆ ಸರಿಮಾಡಿದೆ. ಅಷ್ಟು ವರ್ಷದ ಅಭ್ಯಾಸ ನೋಡು, ಪಾಪ ಮಾಡುವಾಗಲೂ ಹಾಳೆ ಚೊಕ್ಕಟವಾಗಿರಬೇಕು.

ನೀನು ಬರಲಿಲ್ಲ. ಹೊಸ ಮಿಷನ್ ಎಂದದ್ದು ಸುಳ್ಳು, ಸೆಂಟರಿಗೆ ಯಾವ ಮಿಷನ್ನೂ ಬಂದಿಲ್ಲ. ಜುಲೈಯಲ್ಲಿ ನೀನು ನೇರ ಕೇಳಿದೆ. ಆ ಹೊತ್ತಿಗೆ ನಾನು ಹೆದರಿದ್ದು ನಿನ್ನ ಹೊಟ್ಟೆಗಾಗಿ ಅಲ್ಲ, ನನಗಾಗಿ. ಇದೆ ಎಂದರೆ, ಯಾಕೆ ತೆಗೆದೆ ಎಂದು ನೀನು ಕೇಳುತ್ತಿದ್ದೆ. ಆ ಒಂದು ಪ್ರಶ್ನೆಗೆ ಹೆದರಿ ‘ಏನೂ ಇಲ್ಲ’ ಎಂದು ಬರೆದೆ. ಜೂನಿನದಕ್ಕೆ ಏನಾದರೂ ಹೆಸರು ಕೊಡಬಹುದೇನೋ, ಜುಲೈಯದಕ್ಕೆ ಹೇಡಿತನ ಎಂದೇ ಹೆಸರು. ಆಗಲೂ ಮೂರು ತಿಂಗಳಿತ್ತು. ಆಸ್ಪತ್ರೆ ಬದಲಿಸಬಹುದಿತ್ತು.

ಮಂಡಳಿಗೆ ನಾನೇ ಹೋಗಿ ಹೇಳಲೇ, ಅಥವಾ ಡಾಕ್ಟರಮ್ಮ ಹೇಳಿದಂತೆ ಸುಮ್ಮನಿರಲೇ? ನೀನು ಹೇಳಿದ ಹಾಗೆ ಮಾಡುತ್ತೇನೆ.

ಅಪ್ಪ ಎಂದು ಬರೆಯಲು ಕೈ ಬರದ,
ನಾನು

•

ಜೂನ್ ೩

ಅಪ್ಪ,

ನಾಲ್ಕು ತಿಂಗಳು ನಿಮ್ಮ ಆ ಕಾಗದವನ್ನು ದಿನಾ ಓದಿದೆ. ‘ನೀನು ಹೇಳಿದ ಹಾಗೆ ಮಾಡುತ್ತೇನೆ’ ಎಂದಿದ್ದೀರಿ. ಅದನ್ನೂ ನಾನೇ ಹೇಳಬೇಕೇ? ಆಗ ನನ್ನನ್ನು ಒಂದು ಮಾತು ಕೇಳದೆ ನನಗಾಗಿ ತೀರ್ಮಾನ ಮಾಡಿದವರಿಗೆ ಈಗ ನನ್ನ ಅಪ್ಪಣೆ ಬೇಕಾಯಿತು.

ನಿಮ್ಮ ಹಳೆಯ ಕಾಗದಗಳನ್ನು ತೆಗೆದು ನೋಡಿದೆ. ಬಾ ಎಂದಿರಿ, ಕಾರು ಕಳಿಸುತ್ತೇನೆ ಎಂದಿರಿ, ಎಡಗಡೆ ಮಲಗು ಎಂದಿರಿ. ಎಲ್ಲದರಲ್ಲೂ ಕೆಳಗೆ ಜಾಗ ಖಾಲಿ ಬಿದ್ದಿದೆ. ಆ ಒಂದು ಸಾಲು ಎಲ್ಲಿ ಬೇಕಾದರೂ ಹಿಡಿಯುತ್ತಿತ್ತು.

ಡಾಕ್ಟರಮ್ಮನ ಮೇಲಿನ ದೂರು ಬದಲಿಸುತ್ತಿದ್ದೇನೆ. ಅವರದು ಓದದೆ ಸಹಿ ಹಾಕಿದ ತಪ್ಪು, ನನಗೆ ಬಾಯಿಬಿಟ್ಟು ಹೇಳದ ತಪ್ಪು. ಅದಕ್ಕೆ ಎಷ್ಟೋ ಅಷ್ಟು ಅವರು ಅನುಭವಿಸಲಿ. ಉಳಿದದ್ದು ನಿಮ್ಮದು. ಹೊಸ ದೂರನ್ನು ಕೈಯಲ್ಲಿ ಬರೆಯಲು ಕೂತರೆ ಅಕ್ಷರ ನಿಲ್ಲುತ್ತಿಲ್ಲ. ಇವರು ತಂದುಕೊಟ್ಟ ರೆಕಾರ್ಡರಿನಲ್ಲಿ ಹೇಳಿ ಕಳಿಸಿದ್ದೇನೆ. ನೀವು ಟೈಪ್ ಮಾಡಿ, ನನ್ನ ಪರವಾಗಿ ಮಂಡಳಿಗೆ ಕಳಿಸಿ. ಹತ್ತು ಸಾಲಿದೆ. ಹತ್ತೂ ಇರಬೇಕು.

ಮಗಳು

•

ಜೂನ್ ೧೨

ಚುಕ್ಕಿ,

ಟೈಪ್ ಮಾಡಿ ಮುಗಿಸಿದೆ. ಪ್ರತಿ ಇದರ ಜೊತೆಗಿದೆ, ಧ್ವನಿಯೊಂದಿಗೆ ತಾಳೆ ನೋಡಿಕೋ. ಕೆಳಗೆ ‘ಮೇಲಿನದೆಲ್ಲ ನಿಜ’ ಎಂದು ನನ್ನ ಕೈಯಲ್ಲೇ ಬರೆದು ಸಹಿ ಮಾಡಿ, ಮಂಡಳಿಯ ಕಚೇರಿಗೆ ನಾನೇ ಹೋಗಿ ಕೊಟ್ಟು ಬಂದೆ. ಗುಮಾಸ್ತ ಓದಿ, “ಇದ್ರಲ್ಲಿರೋ ತಂದೆ ಯಾರು?” ಎಂದು ಕೇಳಿದ. ನಾನೇ ಎಂದೆ. ಕುರ್ಚಿ ತೋರಿಸಿದ. ಕೂರಲಿಲ್ಲ.

ಸೆಂಟರಿನ ಕೆಲಸ ಬಿಟ್ಟಿದ್ದೇನೆ. ಇದೊಂದನ್ನು ಟೈಪ್ ಮಾಡಲು ಡಾಕ್ಟರಮ್ಮ ಕೋಣೆಯ ಬೀಗದ ಕೈ ಕೊಟ್ಟರು. ಅದೇ ಮೇಜು, ಅದೇ ಕುರ್ಚಿ. ಎಂಟು ತಿಂಗಳ ಮೇಲೆ ನಿನ್ನ ಧ್ವನಿ ಕೇಳಿದೆ. ಮೊದಲ ಸಾಲಿಗೇ ನಿಲ್ಲಿಸಬೇಕಾಯಿತು. ನೀನು ಮರೆತಿಲ್ಲ. ವಾಕ್ಯ ಮುಗಿದಲ್ಲೆಲ್ಲ ‘ಚುಕ್ಕಿ, ಮುಂದಿನ ಸಾಲು’ ಎಂದಿದ್ದೀಯ.

ಒಂಬತ್ತನೆಯ ಸಾಲಿನಲ್ಲಿ ಕೈ ನಿಂತಿತು. ‘ನನ್ನ ತಂದೆ ಇದನ್ನು ನನ್ನ ಮೇಲಿನ ಪ್ರೀತಿಯಿಂದ ಮಾಡಿದರು.’ ಅದು ಬೇಡವೆನಿಸಿತು. ಅಷ್ಟು ಮರ್ಯಾದೆಗೆ ನಾನು ಯೋಗ್ಯನಲ್ಲ ಎನಿಸಿತು. ಅದನ್ನು ತೆಗೆದರೆ ಹತ್ತನೆಯದು ಒಂಬತ್ತಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ತೆಗೆಯಲಿಲ್ಲ. ನೀನು ಹೇಳಿದ ಹಾಗೆಯೇ ಇದೆ. ‘ಅದರಿಂದ ತಪ್ಪು ಕಮ್ಮಿಯಾಗುವುದಿಲ್ಲ’ ಎಂಬ ಹತ್ತನೆಯದೂ ಇದೆ.

ಹತ್ತು ಮುಗಿಯಿತೆಂದು ಕಿವಿಯಿಂದ ತೆಗೆಯುವವನಿದ್ದೆ. ಆಗ ನೀನು, “ಇದು ಟೈಪ್ ಮಾಡೋದು ಬೇಡ” ಎಂದೆ. ನನಗೆ ಒಂದು ಗಳಿಗೆ ಜೀವ ಬಂದ ಹಾಗಾಯಿತು. ಹಸಿವಾಗುತ್ತಿದೆ ಎನ್ನುತ್ತೀಯೇನೋ ಎಂದು ಕುರ್ಚಿಯಿಂದ ಅರ್ಧ ಎದ್ದೇ ಬಿಟ್ಟಿದ್ದೆ.

“ಇದು ಟೈಪ್ ಮಾಡೋದು ಬೇಡ, ಅಪ್ಪಾ. ನಾನು ಮತ್ತೆ ಬಸುರಿ. ಸ್ಕ್ಯಾನಿಂಗ್ ಎಲ್ಲಿ, ಯಾವತ್ತು, ನಿಂಗೆ ಹೇಳಲ್ಲ. ರಿಪೋರ್ಟ್ ಏನ್ ಬಂತು ಅಂತಾನೂ ಹೇಳಲ್ಲ. ಕೆಟ್ಟದಾದ್ರೂ ಹೇಳಲ್ಲ, ಒಳ್ಳೇದಾದ್ರೂ ಹೇಳಲ್ಲ. ನೀನು ನೆಮ್ಮದಿಯಾಗಿ ನಿದ್ದೆ ಮಾಡು.”

ಟೈಪ್ ಮಾಡಿಲ್ಲ. ಯಾರಿಗೂ ಹೇಳುವುದೂ ಇಲ್ಲ. ಮನೆಗೆ ಬಂದು ಕ್ಯಾಲೆಂಡರಿನ ಮುಂದೆ ನಿಂತೆ. ಇಪ್ಪತ್ತನೆಯ ವಾರ ಯಾವಾಗ ಬರುತ್ತದೆಂದು ಬೆರಳು ಮಡಚಲು ಹೋದೆ. ಈಗ ಎಷ್ಟನೆಯ ವಾರವೆಂದು ನೀನು ಹೇಳಿಲ್ಲ, ಹಾಗಾಗಿ ಎಲ್ಲಿಂದ ಎಣಿಸಬೇಕೋ ತಿಳಿಯುತ್ತಿಲ್ಲ.

ಅಪ್ಪ